ಗದುಗಿನ ಛಂದಸ್ಸು, ಬ್ರೌಸರಿನ ಭಾಷೆ

ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳಿರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3-4-3-4ರಂತೆ 14. ಮೂರು ಮತ್ತು ಆರನೆಯ ಸಾಲುಗಳಲ್ಲಿ 3-4ರ ಜೋಡಿ ಮೂರು ಸಲ ಬಂದು, ಕೊನೆಗೆ ಎರಡು ಮಾತ್ರೆಯ ಒಂದು ಗುರು ಸೇರಿ 23. ಹದಿನೈದನೆಯ ಶತಮಾನದಲ್ಲಿ ಕುಮಾರವ್ಯಾಸ ಈ ಕಟ್ಟಿನಲ್ಲೇ ಹತ್ತು ಪರ್ವಗಳ ಭಾರತ ಬರೆದ. ಗದುಗಿನ ವೀರನಾರಾಯಣ ಗುಡಿಯ ಕಂಬವೊಂದನ್ನು ಇಂದಿಗೂ ಅವನ ಹೆಸರು ಹೇಳಿಯೇ ತೋರಿಸುತ್ತಾರೆ.

ಈ ಮಾತ್ರೆ ಎಣಿಕೆಯನ್ನು ಬ್ರೌಸರಿಗೆ ಕಲಿಸುವುದು ಹೇಗೆ? ಒಂದು ಪೆಟ್ಟಿಗೆಯಲ್ಲಿ ಕನ್ನಡದ ಸಾಲು ಹಾಕಿದರೆ ಪಕ್ಕದಲ್ಲಿ ಒಂದು ಮಾತ್ರೆಯ ಲಘು ಯಾವುದು, ಗುರು ಯಾವುದು ಎಂದು ಬಿಡಿಸಿ ತೋರಿಸಬೇಕು. ಗಣ, ಅಂದರೆ 3-4ರ ಗುಂಪು, ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹೇಳಬೇಕು. ನೇರವಾಗಿ ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದು, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಛಂದಸ್ಸಿನ ನಿಯಮಗಳು ಹೇಗಿವೆಯೋ ಹೆಚ್ಚುಕಡಿಮೆ ಹಾಗೆಯೇ ಬರೆಯಲು ಬರುವ ಭಾಷೆಗಳಿವೆ. ಅವಕ್ಕೆ ಫಂಕ್ಷನಲ್ ಭಾಷೆಗಳೆಂದು ಹೆಸರು. ಬ್ರೌಸರಿಗೆ ಆ ಭಾಷೆಗಳು ಬರುವುದಿಲ್ಲ. ಅಲ್ಲಿ ಬರೆದದ್ದನ್ನು ಜಾವಾಸ್ಕ್ರಿಪ್ಟಿಗೆ ಇಳಿಸಿಕೊಡುವ ಕೆಲಸ ಕಂಪೈಲರಿನದು.

ಇದರಲ್ಲಿ ಒಂದು ತಮಾಷೆಯೂ ಇದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಬ್ರೆಂಡನ್ ಐಕ್ ಅವರನ್ನು ಕೆಲಸಕ್ಕೆ ಕರೆದುಕೊಂಡದ್ದೇ ಬ್ರೌಸರಿನೊಳಗೆ ಸ್ಕೀಮ್ ಎಂಬ ಫಂಕ್ಷನಲ್ ಭಾಷೆಯನ್ನು ಕೂರಿಸಲಿಕ್ಕೆ. ಅಷ್ಟರಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯ ಅಬ್ಬರ ಶುರುವಾಗಿತ್ತು. ನೋಡಲು ಜಾವಾದಂತೆಯೇ ಇರಬೇಕೆಂದು ಮೇಲಿನವರು ಹೇಳಿದರು. ಹತ್ತು ದಿನದಲ್ಲಿ ಐಕ್ ಜಾವಾಸ್ಕ್ರಿಪ್ಟಿನ ಮೊದಲ ರೂಪ ಸಿದ್ಧಮಾಡಿದರು: ಮೇಲೆ ಜಾವಾದ ಅಂಗಿ, ಒಳಗೆ ಸ್ಕೀಮ್‌ನಿಂದ ಬಂದ ಗುಣ. ಆ ಗುಣವೆಂದರೆ ಫಂಕ್ಷನ್ನನ್ನು ಸಂಖ್ಯೆಯಂತೆಯೇ ಕೈಯಿಂದ ಕೈಗೆ ದಾಟಿಸಬಹುದು. ಒಂದು ಫಂಕ್ಷನ್ನಿನ ಹೊಟ್ಟೆಯಿಂದ ಇನ್ನೊಂದು ಫಂಕ್ಷನ್ ಹುಟ್ಟಿ ಬರಬಹುದು. ಇಂದು ಫಂಕ್ಷನಲ್ ಭಾಷೆಗಳನ್ನು ಜಾವಾಸ್ಕ್ರಿಪ್ಟಿಗೆ ಇಳಿಸುವುದು ಇಷ್ಟು ಸಲೀಸಾಗಿರುವುದಕ್ಕೆ ಅಂದು ಉಳಿದುಕೊಂಡ ಈ ಗುಣವೇ ಕಾರಣ.

ಇಂಥ ಭಾಷೆಗಳ ಪಟ್ಟಿ ಉದ್ದವಿದೆ. 2011ರ ಕ್ಲೋಜರ್‌ಸ್ಕ್ರಿಪ್ಟ್, 2012ರಲ್ಲಿ ಇವಾನ್ ಚಾಪ್ಲಿಕಿ ತಮ್ಮ ಪದವಿ ಪ್ರಬಂಧಕ್ಕಾಗಿ ಕಟ್ಟಿದ ಎಲ್ಮ್, 2013ರಲ್ಲಿ ಫಿಲ್ ಫ್ರೀಮನ್ ಆರಂಭಿಸಿದ ಪ್ಯೂರ್‌ಸ್ಕ್ರಿಪ್ಟ್, ಒಕ್ಯಾಮಲ್ ಮನೆತನದ ರಿಸ್ಕ್ರಿಪ್ಟ್. ಈ ಅಧ್ಯಾಯಕ್ಕೆ ನಾನು ಪ್ಯೂರ್‌ಸ್ಕ್ರಿಪ್ಟ್ ಆರಿಸಿಕೊಂಡಿದ್ದೇನೆ. ಅದು ಹೊರಹಾಕುವ ಜಾವಾಸ್ಕ್ರಿಪ್ಟ್ ಮನುಷ್ಯರು ಓದುವಂತಿರುತ್ತದೆ, ಆದ್ದರಿಂದ ಕಲಿಯುವವರು ಒಳಗೆ ಇಣುಕಿ ನೋಡಬಹುದು. ಇನ್ನೊಂದು ಕಾರಣ, ನಮ್ಮ ರಾಜ್ಯದಲ್ಲೇ ಅದು ಬೀದಿಗೆ ಇಳಿದು ದುಡಿದಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಆಟೋಗಳಿಗಾಗಿ ಬಂದ ‘ನಮ್ಮ ಯಾತ್ರಿ’ ಆ್ಯಪನ್ನು ಕಟ್ಟಿದ್ದು ಅಲ್ಲಿನ ಜಸ್‌ಪೇ ಕಂಪನಿ. ಆ್ಯಪಿನ ಮೂಲ ಕೋಡನ್ನು ಅವರು ಎಲ್ಲರಿಗೂ ತೆರೆದಿಟ್ಟರು. ನೋಡಿದರೆ ಸರ್ವರಿನ ಕಡೆ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆ, ಪ್ರಯಾಣಿಕರಿಗೂ ಚಾಲಕರಿಗೂ ಕಾಣುವ ಪರದೆಗಳ ಕಡೆ ಪ್ಯೂರ್‌ಸ್ಕ್ರಿಪ್ಟ್. ಮೆಜೆಸ್ಟಿಕ್ಕಿನಲ್ಲಿ ನಿಂತು ಆಟೋ ಕರೆದವರ ಫೋನಿನಲ್ಲಿ ಓಡಿದ್ದು ಹೀಗೆ ಇಳಿಸಿದ ಜಾವಾಸ್ಕ್ರಿಪ್ಟೇ. ಇದೆಲ್ಲ ಪಂಡಿತರ ಆಟ ಎಂದು ಮೂಗು ಮುರಿಯುವವರಿಗೆ ನಾನು ಕೊಡುವ ಉದಾಹರಣೆ ಇದು.

ಈಗ ಕೆಲಸಕ್ಕೆ ಇಳಿಯೋಣ. ಪರೀಕ್ಷೆಗೆ ಮಾದರಿ ಪದಗಳು ಬೇಕು. ಊರ ಹೆಸರುಗಳಿಗಿಂತ ಒಳ್ಳೆಯವು ಸಿಗುವುದಿಲ್ಲ.

ಗದುಗು: ಮೂರು ಲಘು, 3 ಮಾತ್ರೆ. ಬೆಟಗೇರಿ: ಬೆ, ಟ ಲಘು, ಗೇ ಗುರು, ರಿ ಲಘು, ಒಟ್ಟು 5. ಮುಂಡರಗಿ: ಅನುಸ್ವಾರವಿರುವುದರಿಂದ ಮುಂ ಗುರು, ಉಳಿದ ಮೂರು ಲಘು, ಮತ್ತೆ 5. ಶಿರಹಟ್ಟಿ: ಹ ತಾನಾಗಿ ಲಘುವೇ, ಮುಂದೆ ಒತ್ತಕ್ಷರ ಬಂದದ್ದರಿಂದ ಗುರುವಾಯಿತು, ಇದೂ 5. ಲಕ್ಷ್ಮೇಶ್ವರ: ಲ ಗುರು, ಕ್ಷ್ಮೇ ಗುರು, ಶ್ವ ಲಘು, ರ ಲಘು, 6 ಮಾತ್ರೆ. ಹ್ರಸ್ವ, ದೀರ್ಘ, ಅನುಸ್ವಾರ, ಒತ್ತಿನ ಹಿಂದಿನ ಅಕ್ಷರ: ಬೇಕಾದ ಮುಖ್ಯ ನಿಯಮಗಳೆಲ್ಲ ಒಂದೇ ಜಿಲ್ಲೆಯ ಬೋರ್ಡುಗಳಲ್ಲಿ ಸಿಕ್ಕವು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ, ಕವಿರಾಜಮಾರ್ಗ ಕನ್ನಡದ ತಿರುಳು ಇರುವುದೆಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ನಮ್ಮ ಪ್ರೋಗ್ರಾಮಿಗೆ ಅತಿ ಹೆಚ್ಚು ತೊಂದರೆ ಕೊಡುವ ಹೆಸರೂ ಅದೇ.

ಏಕೆಂದರೆ ಕಂಪ್ಯೂಟರ್ ಅಕ್ಷರಗಳನ್ನು ನಾವು ಕಾಣುವಂತೆ ಕಾಣುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಗ ಎಂದರೆ 3223, ದ ಎಂದರೆ 3238, ಅನುಸ್ವಾರ 3202, ವ್ಯಂಜನದ ಸ್ವರ ತೆಗೆದುಹಾಕುವ ಹಲಂತ ಚಿಹ್ನೆ 3277. ಒತ್ತಕ್ಷರಕ್ಕೆಂದು ಬೇರೆ ಸ್ಥಾನವೇ ಇಲ್ಲ. ವ್ಯಂಜನ, ಹಲಂತ, ವ್ಯಂಜನ ಒಂದರ ಹಿಂದೊಂದು ಬಂದರೆ ಅದೇ ಒತ್ತು. ಹೀಗಾಗಿ ‘ಲಕ್ಷ್ಮೇಶ್ವರ’ದ ಉದ್ದ ಎಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ 11 ಎನ್ನುತ್ತದೆ. ಅಕ್ಷರಗಳು ನಾಲ್ಕೇ. ಮಾತ್ರೆ ಆರು. ಒಂದೇ ಪದಕ್ಕೆ ಮೂರು ಲೆಕ್ಕ, ಮೂರೂ ಸರಿ. ಕೆಲಸವೆಲ್ಲ ಇರುವುದು 11ನ್ನು 4 ಮಾಡಿ, ಆ 4ನ್ನು 6 ಮಾಡುವುದರಲ್ಲಿ.

ಗದಗ-ಬೆಟಗೇರಿ ಮುದ್ರಣಾಲಯಗಳ ಊರು. ಅಲ್ಲಿನ ಹಳೆಯ ಪುಸ್ತಕಗಳ ಫೈಲುಗಳನ್ನು ತಂದು ಈ ಪೆಟ್ಟಿಗೆಗೆ ಸುರಿಯುತ್ತೇನೆ ಎಂದು ಯಾರಾದರೂ ಹೊರಟರೆ ಮೊದಲೇ ಹೇಳಿಬಿಡುತ್ತೇನೆ: ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಅಚ್ಚಿಗೆ ಕೂಡಿಸಿದ ಪಠ್ಯದೊಳಗೆ ಇರುವುದು ಇಂಗ್ಲಿಷ್ ಕೀಲಿಗಳ ಸಂಖ್ಯೆಗಳು, ಕನ್ನಡವಾಗಿ ಕಾಣಿಸುವುದು ಫಾಂಟ್ ಮಾತ್ರ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದ ಮೇಲೆಯೇ ಮುಂದಿನ ಮಾತು.

ಇನ್ನು ಭಾಷೆ. ಪ್ಯೂರ್‌ಸ್ಕ್ರಿಪ್ಟ್‌ನಲ್ಲಿ ಮೊದಲು ಮಾಡುವ ಕೆಲಸ, ನಮ್ಮ ಜಗತ್ತಿನಲ್ಲಿ ಏನೇನಿದೆ ಎಂದು ಸಾರಿಬಿಡುವುದು:

ತೂಕ = ಲಘು | ಗುರು

ನಡುವಿನ ಗೆರೆಯನ್ನು ‘ಅಥವಾ’ ಎಂದು ಓದಿಕೊಳ್ಳಿ. ತೂಕವೆಂದರೆ ಲಘು ಅಥವಾ ಗುರು, ಮೂರನೆಯದಿಲ್ಲ. ನಂತರ ನಿಯಮ:

ಮಾತ್ರೆ ಲಘು = 1
ಮಾತ್ರೆ ಗುರು = 2

ನಿಜವಾದ ಫೈಲಿನಲ್ಲಿ ಈ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರಬೇಕಾಗುತ್ತದೆ. ಲಘು, ಗುರುವಿನಂಥ ಹೆಸರುಗಳು ದೊಡ್ಡಕ್ಷರದಿಂದಲೂ, ‘ಮಾತ್ರೆ’ಯಂಥ ಫಂಕ್ಷನ್ನಿನ ಹೆಸರುಗಳು ಚಿಕ್ಕಕ್ಷರದಿಂದಲೂ ಶುರುವಾಗಬೇಕೆಂದು ಈ ಭಾಷೆಯ ಕಟ್ಟಳೆ, ಕನ್ನಡಕ್ಕೆ ಆ ಭೇದವೇ ಇಲ್ಲ. ವಿಚಿತ್ರವೆಂದರೆ ಜಾವಾಸ್ಕ್ರಿಪ್ಟ್ ಕನ್ನಡದ ಹೆಸರುಗಳನ್ನು ತಕರಾರಿಲ್ಲದೆ ಒಪ್ಪುತ್ತದೆ. ‘ತೂಕ’ದ ಸಾಲಿನ ಆರಂಭದಲ್ಲಿ ‘data’ ಎಂಬ ಪದವೂ ಬೇಕು. ಅದು ಬಿಟ್ಟರೆ, ಹೆಸರು ಏನೇ ಇರಲಿ, ಸಾಲುಗಳ ಆಕಾರ ಮೇಲೆ ಕಂಡಂತೆಯೇ ಇರುತ್ತದೆ. ಛಂದಸ್ಸಿನ ಪಠ್ಯಪುಸ್ತಕದಲ್ಲಿರುವುದಕ್ಕಿಂತ ಒಂದು ಪದ ಹೆಚ್ಚಿಲ್ಲ.

ಇದನ್ನು ಕಂಪೈಲ್ ಮಾಡಿದರೆ ಏನು ಹುಟ್ಟುತ್ತದೆ? ಲಘುವಿಗೊಂದು, ಗುರುವಿಗೊಂದು ಪುಟ್ಟ ಆಬ್ಜೆಕ್ಟ್. ‘ಮಾತ್ರೆ’ ಒಂದು ಸಾಮಾನ್ಯ ಫಂಕ್ಷನ್ ಆಗಿರುತ್ತದೆ: ಬಂದದ್ದು ಲಘು ಜಾತಿಯದೇ, ಹಾಗಿದ್ದರೆ 1 ಕೊಡು, ಗುರು ಜಾತಿಯದೇ, ಹಾಗಿದ್ದರೆ 2 ಕೊಡು, ಎರಡೂ ಅಲ್ಲವಾದರೆ ತಪ್ಪೆಂದು ಕೂಗಿ ನಿಲ್ಲು. ಜಾವಾಸ್ಕ್ರಿಪ್ಟ್ ಬಲ್ಲವರು ಕೈಯಲ್ಲಿ ಬರೆದರೂ ಸುಮಾರು ಹೀಗೆಯೇ ಬರೆಯುತ್ತಾರೆ. ‘ತೂಕ’ದಂಥ ಟೈಪುಗಳ ಸುಳಿವು ಮಾತ್ರ ಅಲ್ಲಿ ಕಾಣುವುದಿಲ್ಲ. ಅವುಗಳ ಕೆಲಸ ಕಂಪೈಲರಿನ ಮನೆಯಲ್ಲೇ ಮುಗಿದಿರುತ್ತದೆ.

ಆ ಮನೆಯಲ್ಲಿ ನಡೆಯುವ ಪಂಚಾಯಿತಿಯೇ ನಿಜವಾದ ಲಾಭ. ವ್ಯಾಕರಣದಲ್ಲಿ ಪ್ಲುತವೆಂಬುದಿದೆ: ದೂರದವರನ್ನು ಕೂಗಿ ಕರೆಯುವಾಗ ಎಳೆಯುವ ಸ್ವರ, ಮೂರು ಮಾತ್ರೆ. ಮುಂದೊಂದು ದಿನ ಅದನ್ನೂ ಸೇರಿಸೋಣವೆಂದು ಮೊದಲ ಸಾಲಿಗೆ ‘| ಪ್ಲುತ’ ಎಂದು ಬರೆದು, ‘ಮಾತ್ರೆ’ಯ ನಿಯಮ ತಿದ್ದುವುದನ್ನು ಮರೆತಿರಿ ಎನ್ನಿ. ಕಂಪೈಲರ್ ಮುಂದೆ ಹೋಗುವುದೇ ಇಲ್ಲ. ಪ್ಲುತ ಬಂದರೆ ಏನು ಮಾಡಬೇಕೆಂದು ಹೇಳಿಲ್ಲ ಎಂದು ಸಾಲಿನ ಸಂಖ್ಯೆ ಸಮೇತ ತೋರಿಸಿ ಕೂರುತ್ತದೆ. ಇದೇ ಮರೆವು ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಆಗಿದ್ದರೆ ಪ್ರೋಗ್ರಾಂ ಸದ್ದಿಲ್ಲದೆ ಓಡುತ್ತಿತ್ತು. ‘ಏನೂ ಇಲ್ಲ’ಕ್ಕೆ 4 ಕೂಡಿಸಿ, ಸಂಖ್ಯೆಯೇ ಅಲ್ಲದ ಒಂದು ಮೊತ್ತ ಪರದೆಯ ಮೇಲೆ ಬರುತ್ತಿತ್ತು. ಬ್ರೌಸರಿನ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ 3 ಎಂಬುದು ಸಂಖ್ಯೆಯಲ್ಲ, ಪಠ್ಯ. ಅದಕ್ಕೆ 4 ಕೂಡಿಸಿದರೆ ಜಾವಾಸ್ಕ್ರಿಪ್ಟ್ 34 ಎನ್ನುತ್ತದೆ! ಪ್ಯೂರ್‌ಸ್ಕ್ರಿಪ್ಟ್‌ನಲ್ಲಿ ಪಠ್ಯಕ್ಕೂ ಸಂಖ್ಯೆಗೂ ಹಾಗೆ ನೆಂಟಸ್ತನ ಬೆಳೆಸಲು ಬರುವುದಿಲ್ಲ.

ಈಗ ಸಾಲಿನ ಮೊತ್ತ. ಪ್ಯೂರ್‌ಸ್ಕ್ರಿಪ್ಟ್‌ನಂಥ ಶುದ್ಧ ಫಂಕ್ಷನಲ್ ಭಾಷೆಯಲ್ಲಿ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮತ್ತೆ ಬದಲಿಸುವಂತಿಲ್ಲ. ಇಟ್ಟ ಪದವನ್ನು ಅಳಿಸಿ ತಿದ್ದಿದವನಲ್ಲ ಎಂದು ಕುಮಾರವ್ಯಾಸ ಪೀಠಿಕೆಯಲ್ಲಿ ಹೆಮ್ಮೆಪಟ್ಟುಕೊಂಡಿದ್ದಾನಲ್ಲ, ಇಲ್ಲಿ ಆ ಹೆಮ್ಮೆ ಎಲ್ಲರಿಗೂ ಕಡ್ಡಾಯ. ಹಾಗಾದರೆ ‘ಮೊತ್ತಕ್ಕೆ ಒಂದೊಂದೇ ಸೇರಿಸುತ್ತಾ ಹೋಗು’ ಎಂದು ಹೇಳುವುದು ಹೇಗೆ? ಹೀಗೆ:

ಮೊತ್ತ Nil = 0
ಮೊತ್ತ (ಮೊದಲು : ಉಳಿಕೆ) = ಮಾತ್ರೆ ಮೊದಲು + ಮೊತ್ತ ಉಳಿಕೆ

ಪಟ್ಟಿ ಖಾಲಿ (Nil) ಆಗಿದ್ದರೆ ಸೊನ್ನೆ. ಇಲ್ಲವಾದರೆ ಮೊದಲನೆಯದರ ಮಾತ್ರೆ, ಅದಕ್ಕೆ ಉಳಿದವುಗಳ ಮೊತ್ತ. ನಿಯಮ ಸುಂದರವಾಗಿದೆ, ಆದರೆ ಜಾವಾಸ್ಕ್ರಿಪ್ಟಿಗೆ ಇಳಿದಾಗ ಒಂದು ಪೆಟ್ಟು ತಿನ್ನುತ್ತದೆ. ಮೊದಲ ಅಕ್ಷರದ ಕೂಡಿಕೆ ಮುಗಿಯಬೇಕಾದರೆ ಎರಡನೆಯದರ ಉತ್ತರ ಬರಬೇಕು, ಅದಕ್ಕೆ ಮೂರನೆಯದರದು ಬರಬೇಕು. ಅಲ್ಲಿಯವರೆಗೆ ಬ್ರೌಸರ್ ಪ್ರತಿಯೊಂದು ಅರ್ಧ ಲೆಕ್ಕವನ್ನೂ ಸ್ಟ್ಯಾಕ್ ಎಂಬ ಜಾಗದಲ್ಲಿ ಪೇರಿಸಿ ಇಟ್ಟುಕೊಳ್ಳುತ್ತದೆ. ಈ ಪೇರಿಕೆಗೆ ಮಿತಿಯಿದೆ, ಸಾಮಾನ್ಯವಾಗಿ ಹತ್ತು ಸಾವಿರದ ಆಸುಪಾಸು. ಒಂದು ಷಟ್ಪದಿಗೆ ಏನೂ ಆಗುವುದಿಲ್ಲ. ಆದರೆ ಸಂಧಿಯ ಮೇಲೆ ಸಂಧಿ ಸೇರಿಸಿ ಇಡೀ ಪರ್ವವನ್ನು ಒಂದೇ ಪಟ್ಟಿಯಾಗಿ ಕೊಟ್ಟರೆ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬಿದ್ದುಹೋಗುತ್ತದೆ. ಇದನ್ನು ತಪ್ಪಿಸಲು, ಅಲ್ಲಿಯವರೆಗಿನ ಲೆಕ್ಕವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು:

ಮೊತ್ತ ಈವರೆಗೆ Nil = ಈವರೆಗೆ
ಮೊತ್ತ ಈವರೆಗೆ (ಮೊದಲು : ಉಳಿಕೆ) = ಮೊತ್ತ (ಈವರೆಗೆ + ಮಾತ್ರೆ ಮೊದಲು) ಉಳಿಕೆ

ಇಲ್ಲಿ ಹಿಂದೆ ಬಾಕಿ ಉಳಿದ ಲೆಕ್ಕವಿಲ್ಲ. ಫಂಕ್ಷನ್ ಕೊನೆಯ ಕೆಲಸವಾಗಿ ತನ್ನನ್ನೇ ಕರೆದುಕೊಳ್ಳುತ್ತದೆ, ಅಷ್ಟೆ. ಕಂಪೈಲರ್ ಇದನ್ನು ಗುರುತಿಸಿ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಾಧಾರಣ ಲೂಪ್ ಬರೆಯುತ್ತದೆ. ಬರೆದವರ ಕಣ್ಣಿಗೆ ಯಾವುದೂ ಬದಲಾಗುವುದಿಲ್ಲ, ಯಂತ್ರದ ಒಳಗೆ ಒಂದೇ ಜಾಗ ಮತ್ತೆ ಮತ್ತೆ ಬಳಕೆಯಾಗುತ್ತದೆ. ಫಂಕ್ಷನಲ್ ಭಾಷೆ ನಿಧಾನ ಎಂಬ ದೂರು ಹಳೆಯದು. ಕೆಲವೊಮ್ಮೆ ಆ ದೂರಿನ ಹಿಂದೆ ಇರುವುದು ಈ ಎರಡು ಬರವಣಿಗೆಗಳ ಅಂತರವೇ.

ಇನ್ನು ಲಘು-ಗುರು ನಿರ್ಣಯ. ಅಕ್ಷರ ತಾನೇ ದೀರ್ಘವಾದರೆ, ಅನುಸ್ವಾರ ವಿಸರ್ಗ ಅಂಟಿದ್ದರೆ ಪ್ರಶ್ನೆಯಿಲ್ಲ. ಕಷ್ಟವಿರುವುದು ಶಿರಹಟ್ಟಿಯ ‘ಹ’ದಲ್ಲಿ: ಅದರ ತೂಕ ಅದರ ಕೈಯಲ್ಲಿಲ್ಲ, ಮುಂದೆ ಬರುವ ‘ಟ್ಟಿ’ಯ ಕೈಯಲ್ಲಿದೆ. ಪಟ್ಟಿಯ ನಿಯಮವನ್ನು ಎರಡು ಅಕ್ಷರ ಒಟ್ಟಿಗೆ ಹಿಡಿಯುವಂತೆ ಬರೆದರೆ ಇದು ಸಲೀಸು. ‘ಮೊದಲು : ಮುಂದಿನದು : ಉಳಿಕೆ’ ಎಂಬ ಆಕಾರ ಕಂಡಾಗ, ಮುಂದಿನದು ಒತ್ತಕ್ಷರವಾಗಿದ್ದರೆ ಮೊದಲಿನದು ಗುರು, ಪಟ್ಟಿಯಲ್ಲಿ ಒಂದೇ ಉಳಿದಿದ್ದರೆ ಅದರ ಸ್ವಂತ ತೂಕ. ರಾಜ್‌ಕುಮಾರ್ ಎಂಬಲ್ಲಿ ‘ಜ್’ ಮುಂದಿನ ‘ಕು’ವಿಗೆ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ಸಂಖ್ಯೆ 8204. ಅದನ್ನು ಮರೆತವರ ಲೆಕ್ಕ ಅಲ್ಲಿ ತಪ್ಪುತ್ತದೆ. ಹಳಗನ್ನಡಕ್ಕೆ ಹೋದರೆ ಶಿಥಿಲದ್ವಿತ್ವ ಎದುರಾಗುತ್ತದೆ: ಒತ್ತಕ್ಷರವಿದ್ದರೂ ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುವ ಸಂದರ್ಭ. ಅದನ್ನು ಬರಹ ನೋಡಿ ಹೇಳಲಾಗದು, ಕಿವಿ ಬೇಕು. ಅಂಥಲ್ಲಿ ಪ್ರೋಗ್ರಾಂ ತಾನೇ ತೀರ್ಪು ಕೊಡುವ ಬದಲು ಎರಡೂ ಸಾಧ್ಯತೆ ತೋರಿಸಿ ಓದುಗರಿಗೆ ಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಗಣ ವಿಭಾಗ ಇದರ ಮುಂದಿನ ಹೆಜ್ಜೆ. ಮೊತ್ತ 14 ಆದರೆ ಸಾಲದು, 3-4-3-4ರ ಗೆರೆಗಳ ಮೇಲೆ ಯಾವ ಗುರುವೂ ಕಾಲು ಚಾಚಿರಬಾರದು. ಶಿರಹಟ್ಟಿ ಭಾಮಿನಿಯ ಸಾಲಿನ ಮೊದಲಲ್ಲಿ ಬರಲಾರದು: ಶಿ, ರ ಸೇರಿ ಎರಡಾದವು, ಮುಂದಿನ ಗುರು ಸೇರಿದರೆ ನಾಲ್ಕು, ಮೂರರ ಗೆರೆ ದಾಟಿತು. ಲಕ್ಷ್ಮೇಶ್ವರವೂ ಮೊದಲಲ್ಲಿ ಕೂರದು. ಎರಡನೆಯ ಗಣದಲ್ಲಿ ಇಟ್ಟುನೋಡಿ: ‘ಗದುಗು ಲಕ್ಷ್ಮೇಶ್ವರದ ದಾರಿಯ’. ಗದುಗು 3, ಮುಂದಿನ ಎರಡು ಗುರು 4, ಶ್ವರದ 3, ದಾರಿಯ 4. ಕಾವ್ಯಗುಣ ಏನೂ ಇಲ್ಲ, ಲೆಕ್ಕ ಮಾತ್ರ ಚೊಕ್ಕ. ಪ್ರೋಗ್ರಾಮಿಗೆ ಮೊದಲ ಪರೀಕ್ಷೆಯಾಗಿ ಈ ಸಾಲನ್ನೇ ಕೊಡಬಹುದು. ಗಣ ಬಿಡಿಸುವ ಫಂಕ್ಷನ್ ಕೊಡುವ ಉತ್ತರವೂ ಎರಡು ಬಗೆಯದು: ‘ಸರಿ, ಇಗೋ ಗಣಗಳು’ ಅಥವಾ ‘ತಪ್ಪು, ಇಂತಿಷ್ಟನೆಯ ಅಕ್ಷರದಲ್ಲಿ’. ಇದನ್ನೂ ಲಘು-ಗುರುವಿನಂತೆಯೇ ‘ಅಥವಾ’ ಹಾಕಿ ಸಾರಿದರಾಯಿತು. ಪರದೆಗೆ ಬರೆಯುವ ಭಾಗ ಎರಡನ್ನೂ ನಿಭಾಯಿಸದೆ ಇದ್ದರೆ ಕಂಪೈಲರ್ ಬಿಡುವುದಿಲ್ಲ.

ಇಲ್ಲಿಯವರೆಗಿನ ಯಾವ ಫಂಕ್ಷನ್ನೂ ಹೊರಗಿನ ಜಗತ್ತನ್ನು ಮುಟ್ಟಿಲ್ಲ. ಪೆಟ್ಟಿಗೆಯಿಂದ ಓದುವುದು, ಪರದೆಗೆ ಬರೆಯುವುದು ಬೇರೆ ಜಾತಿಯ ಕೆಲಸ. ಪ್ಯೂರ್‌ಸ್ಕ್ರಿಪ್ಟ್ ಅದಕ್ಕೆ ‘ಎಫೆಕ್ಟ್’ ಎಂಬ ಬೇರೆಯದೇ ಟೈಪ್ ಕೊಟ್ಟು ಪ್ರತ್ಯೇಕ ಇಡುತ್ತದೆ. ಇದಕ್ಕಾಗಿ ಹ್ಯಾಲೊಜೆನ್‌ನಂಥ ದೊಡ್ಡ ಲೈಬ್ರರಿಗಳಿವೆ. ಹೊಸಬರು ಅವುಗಳ ತಂಟೆಗೆ ಹೋಗಬೇಡಿ. ಪೆಟ್ಟಿಗೆಯ ಪಠ್ಯ ತರುವುದಕ್ಕೊಂದು, ಉತ್ತರ ಅಂಟಿಸುವುದಕ್ಕೊಂದು, ಹೀಗೆ ಎರಡು ಚಿಕ್ಕ ಫಂಕ್ಷನ್‌ಗಳನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಬರೆದು ಪಕ್ಕದ ಫೈಲಿನಲ್ಲಿಡಿ. ಅವುಗಳ ಟೈಪ್ ಇಂಥದ್ದು ಎಂದು ಪ್ಯೂರ್‌ಸ್ಕ್ರಿಪ್ಟಿಗೆ ಹೇಳಿದರೆ ಅದು ನಂಬುತ್ತದೆ. ಪರೀಕ್ಷಿಸುವುದಿಲ್ಲ, ಬರಿಯ ನಂಬುತ್ತದೆ! ಕಂಪೈಲರ್ ಒಪ್ಪಿದ ಮೇಲೂ ಪುಟದಲ್ಲಿ ಏನಾದರೂ ಎಡವಟ್ಟಾದರೆ ಮೊದಲು ಹುಡುಕಬೇಕಾದ ಜಾಗ ಈ ಗಡಿ.

ಸಲಕರಣೆಗಳ ವಿಷಯ ಚುಟುಕು. ನೋಡ್ ಎಂಬ ಜಾವಾಸ್ಕ್ರಿಪ್ಟ್ ಚಾಲಕವನ್ನು ಹಾಕಿಕೊಳ್ಳಿ. ಅದರ ಜೊತೆ ಬರುವ ಎನ್‌ಪಿಎಂ ಮೂಲಕ ಪ್ಯೂರ್‌ಸ್ಕ್ರಿಪ್ಟ್ ಕಂಪೈಲರ್, ಸ್ಪಾಗೊ ಎಂಬ ನಿರ್ಮಾಣ ಸಲಕರಣೆ, ಇಎಸ್‌ಬಿಲ್ಡ್ ಎಂಬ ಕಟ್ಟುವ ಸಲಕರಣೆ ತರಿಸಿ. ಸ್ಪಾಗೊಗೆ ‘ಇನಿಟ್’ ಎಂದರೆ ಖಾಲಿ ಯೋಜನೆ ತೆರೆಯುತ್ತದೆ, ‘ಬಿಲ್ಡ್’ ಎಂದರೆ ಕಂಪೈಲ್ ಆಗುತ್ತದೆ. ಪ್ರತಿ ಮಾಡ್ಯೂಲಿಗೂ ‘ಔಟ್‌ಪುಟ್’ ಫೋಲ್ಡರಿನಲ್ಲಿ ಒಂದು ಜಾವಾಸ್ಕ್ರಿಪ್ಟ್ ಫೈಲ್ ಸಿಗುತ್ತದೆ. ಅದನ್ನು ತೆರೆದು ಓದಿ, ಮೇಲೆ ವಿವರಿಸಿದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಕೊನೆಗೆ ‘ಬಂಡಲ್’ ಎಂದರೆ ಬೇಕಾದಷ್ಟನ್ನೇ ಒಂದೇ ಫೈಲಾಗಿ ಕಟ್ಟಿಕೊಡುತ್ತದೆ. ಈ ಹೆಜ್ಜೆ ಬಿಟ್ಟು ಪುಟವನ್ನು ಫೋಲ್ಡರಿನಿಂದ ನೇರ ತೆರೆದರೆ ಮಾಡ್ಯೂಲುಗಳನ್ನು ಬ್ರೌಸರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಪುಟ ಖಾಲಿ ಕಾಣುತ್ತದೆ. ಏನೂ ಹಾಕಿಕೊಳ್ಳದೆ ರುಚಿ ನೋಡುವವರಿಗೆ ‘ಟ್ರೈ ಪ್ಯೂರ್‌ಸ್ಕ್ರಿಪ್ಟ್’ ಎಂಬ ಪುಟವಿದೆ. ಎಡಕ್ಕೆ ಬರೆದರೆ ಬಲಕ್ಕೆ ಓಡುತ್ತದೆ.

ಮೊದಲ ವಾರ ಕಂಪೈಲರಿನ ಬೈಗುಳ ಜಾಸ್ತಿ. ಅದರ ದೋಷ ಸಂದೇಶಗಳು ಎಲ್ಮ್‌ನವುಗಳಷ್ಟು ಮೃದುವಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕನ್ನಡದಲ್ಲಿ ಇದರ ಬಗ್ಗೆ ಓದಲು ಸಿಗುವುದೂ ಕಡಿಮೆ. ಒಂದೇ ಪುಟದ ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಆದರೆ ಭಾಮಿನಿಗೆ ವಾರ್ಧಕ ಸೇರಿ, ವಾರ್ಧಕಕ್ಕೆ ಕಂದ, ರಗಳೆಗಳು ಸೇರಿ ನಿಯಮಗಳು ಒಂದರ ಮೇಲೊಂದು ಬಂದಾಗ, ಹಳೆಯದು ಮುರಿಯದಂತೆ ಹೊಸದನ್ನು ಸೇರಿಸುವ ಧೈರ್ಯ ಬರುವುದು ಈ ಬೈಗುಳದಿಂದಲೇ.

ಗದಗದ ತೋಂಟದಾರ್ಯ ಕಾಲೇಜಿನಲ್ಲೋ ಲಕ್ಷ್ಮೇಶ್ವರದ ಅಗಡಿ ಕಾಲೇಜಿನಲ್ಲೋ ಎಂಜಿನಿಯರಿಂಗ್ ಓದುತ್ತಾ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಒಂದು ಮಾತು. ಹೀಗೆ ಕಟ್ಟಿದ ಪುಟಕ್ಕೆ ಸರ್ವರ್ ಬೇಡ. ಒಂದು ಪುಟದ ಫೈಲು, ಒಂದು ಜಾವಾಸ್ಕ್ರಿಪ್ಟ್ ಫೈಲು. ಪೆನ್‌ಡ್ರೈವಿನಲ್ಲಿ ಹಾಕಿ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಕೊಟ್ಟರೆ ಇಂಟರ್‌ನೆಟ್ ಇಲ್ಲದ ಕೋಣೆಯಲ್ಲೂ ಓಡುತ್ತದೆ. ಮಾತ್ರೆ, ಗಣ ಮುಗಿದ ಮೇಲೆ ಷಟ್ಪದಿಯಲ್ಲಿ ಉಳಿಯುವುದು ಆದಿಪ್ರಾಸ: ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕು. ಅದನ್ನು ನಾನಿಲ್ಲಿ ಬರೆದುಕೊಟ್ಟಿಲ್ಲ. ಆರು ಪಟ್ಟಿಗಳನ್ನು ತೆಗೆದುಕೊಂಡು ‘ಸರಿ’ ಅಥವಾ ‘ಇಂಥ ಸಾಲಿನಲ್ಲಿ ತಪ್ಪು’ ಎಂದು ಹೇಳುವ ಆ ಫಂಕ್ಷನ್ನನ್ನು ನೀವೇ ಬರೆಯಿರಿ, ಮೇಷ್ಟ್ರ ಕೈಯಲ್ಲಿ ಪರೀಕ್ಷೆ ಮಾಡಿಸಿ.